ಹಳೆಯ ಲಾರಿಯ ರೇಡಿಯೋ: ಬಿಚ್ಚುವ ಕ್ರಮವೂ ಅದರ ಹಿಂದಿನ ವಿಜ್ಞಾನವೂ

ತುಮಕೂರಿನಿಂದ ಬಿ. ಎಚ್. ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಹೊರಟರೆ ಸುಮಾರು ೨೦ ಕಿಲೋಮೀಟರು ದೂರದಲ್ಲಿ ಗುಬ್ಬಿ ಸಿಕ್ಕುತ್ತದೆ. ಕೆಲವು ವರ್ಷಗಳ ಹಿಂದೆ ಆ ಕಡೆಯ ಒಂದು ತೆಂಗಿನ ತೋಟದಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ, ೧೯೫೦ರ ಸುಮಾರಿನ ಒಂದು ಷೆವ್ರೊಲೆ ಟ್ರಕ್ಕನ್ನು ನೋಡುವ ಅವಕಾಶ ನನಗೆ ದೊರೆಯಿತು. ಅದು ನನ್ನ ವಿದ್ಯಾರ್ಥಿಯೊಬ್ಬನ ಮನೆಯವರದು. ಒಂದು ಕಾಲದಲ್ಲಿ ಕೊಬ್ಬರಿಯ ಮೂಟೆಗಳನ್ನು ಹೊತ್ತು ಓಡಾಡಿದ ಆ ಗಾಡಿಯ ಡ್ಯಾಷ್‌ಬೋರ್ಡಿನ ನಡುವೆ, ಧೂಳು ಹಿಡಿದ ಗಾಜಿನ ಹಿಂದೆ, ಒಂದು ರೇಡಿಯೋ ಮೌನವಾಗಿ ಕುಳಿತಿತ್ತು.

ವಿದ್ಯಾರ್ಥಿಯ ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳವಿತ್ತು. ಹಳೆಯ ಪೆಟ್ಟಿಗೆಯನ್ನು ಕಿತ್ತು, ಅಲ್ಲಿರುವ ರಂಧ್ರವನ್ನು ಗರಗಸದಿಂದ ಸ್ವಲ್ಪ ಅಗಲಮಾಡಿ, ಹೊಸದೊಂದನ್ನು ಕೂರಿಸುವುದು ಅವನ ಯೋಚನೆ. ಚಪ್ಪರದ ಕಂಬಕ್ಕೊರಗಿ ಕುಳಿತಿದ್ದ ಅವನ ಅಜ್ಜ ನನ್ನನ್ನು ನೋಡಿ, "ಮೇಷ್ಟ್ರೇ, ಬಿಚ್ಚೋದಾದ್ರೆ ಬಿಚ್ಚಲಿ. ಆದ್ರೆ ಮತ್ತೆ ಅಲ್ಲೇ ಕೂರೋ ಹಾಗಿರಬೇಕು, ಅಷ್ಟೆ" ಎಂದರು. ಯಂತ್ರಗಳ ದುರಸ್ತಿಯಲ್ಲಿ ಇದಕ್ಕಿಂತ ಉತ್ತಮವಾದ ಸೂತ್ರವನ್ನು ನಾನು ಬೇರೆಲ್ಲೂ ಕೇಳಿಲ್ಲ. ಕತ್ತರಿಸಿದ ತಂತಿಯನ್ನು ಬೆಸೆಯಬಹುದು. ಕೊಯ್ದ ತಗಡನ್ನು ಮೊದಲಿನಂತೆ ಮಾಡಲಾಗದು.

ಆ ದಿನ ನಾವಿಬ್ಬರೂ ನಡೆಸಿದ ಕೆಲಸವನ್ನು ಇಲ್ಲಿ ಕ್ರಮವಾಗಿ ವಿವರಿಸಿದೆ. ಪ್ರತಿಯೊಂದು ಹೆಜ್ಜೆಯ ಹಿಂದೆಯೂ ನೀವು ಭೌತವಿಜ್ಞಾನದ ಪಾಠದಲ್ಲಿ ಓದಿರುವ ಒಂದು ನಿಯಮವಿದೆ. ಅದನ್ನು ಗುರುತಿಸುವುದೇ ಈ ಲೇಖನದ ಉದ್ದೇಶ.

ಲಾರಿಗೆ ರೇಡಿಯೋ ಬಂದ ಬಗೆ

ಮೋಟಾರು ವಾಹನಗಳಿಗಾಗಿ ತಯಾರಾಗಿ ಜನಪ್ರಿಯವಾದ ಮೊದಲ ರೇಡಿಯೋಗಳಲ್ಲಿ ಒಂದನ್ನು ೧೯೩೦ರಲ್ಲಿ ಅಮೆರಿಕದ ಷಿಕಾಗೋ ನಗರದ ಪಾಲ್ ಗಾಲ್ವಿನ್ ಎಂಬುವರ ಸಂಸ್ಥೆ ಮಾರುಕಟ್ಟೆಗೆ ತಂದಿತು. 'ಮೊಟೊರೋಲ' ಎಂಬ ಹೆಸರು ಹುಟ್ಟಿದುದು ಆಗಲೇ. ಮುಂದೆ ಜನರಲ್ ಮೋಟಾರ್ಸ್ ಸಂಸ್ಥೆಯು ತನ್ನ ವಾಹನಗಳಿಗೆ ಬೇಕಾದ ರೇಡಿಯೋಗಳನ್ನು ಡೆಲ್ಕೋ ಎಂಬ ತನ್ನದೇ ವಿಭಾಗದಲ್ಲಿ ತಯಾರಿಸತೊಡಗಿತು. ಎರಡನೆಯ ಮಹಾಯುದ್ಧದ ತರುವಾಯ, ೧೯೪೭ರಲ್ಲಿ ಬಂದ ಷೆವ್ರೊಲೆ ಟ್ರಕ್ಕುಗಳ ಡ್ಯಾಷ್‌ಬೋರ್ಡಿನಲ್ಲಿ ರೇಡಿಯೋವಿಗೆಂದೇ ಸ್ಥಳವನ್ನು ಬಿಡಲಾಯಿತು.

ನಮ್ಮ ದೇಶದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ೧೯೨೮ರಿಂದ ೧೯೫೪ರವರೆಗೆ ಮುಂಬಯಿಯಲ್ಲಿ ವಾಹನಗಳನ್ನು ಜೋಡಿಸುತ್ತಿತ್ತು. ೧೯೫೪ರಲ್ಲಿ ಜಮ್‌ಷೆಡ್‌ಪುರದಿಂದ ಟಾಟಾ-ಮರ್ಸಿಡಿಸ್ ಲಾರಿಗಳು ಹೊರಬರಲಾರಂಭಿಸಿದವು. ಆದರೆ ಸಾಮಾನು ಸಾಗಿಸುವ ನಮ್ಮ ಲಾರಿಗಳಲ್ಲಿ ಕಾರ್ಖಾನೆಯ ರೇಡಿಯೋ ಇರುತ್ತಿದ್ದುದು ಅಪರೂಪ. ರೇಡಿಯೋ ಇಟ್ಟುಕೊಳ್ಳಲು ಸರ್ಕಾರದ ಲೈಸೆನ್ಸು ಬೇಕಾಗಿದ್ದ ಕಾಲ ಅದು. ವರ್ಷವರ್ಷವೂ ಅಂಚೆ ಕಛೇರಿಯಲ್ಲಿ ಶುಲ್ಕ ಕಟ್ಟಬೇಕಾಗಿತ್ತು. ಈ ಪದ್ಧತಿ ೧೯೮೦ರ ದಶಕದಲ್ಲಿ ಕೊನೆಗೊಂಡಿತು. ಆದುದರಿಂದಲೇ ಹಳೆಯ ಗಾಡಿಯಲ್ಲಿ ಮೂಲ ರೇಡಿಯೋ ಉಳಿದಿದ್ದರೆ ಅದು ಗುಜರಿಯ ಪಾಲಾಗದಂತೆ ನೋಡಿಕೊಳ್ಳಬೇಕು.

ಆ ರೇಡಿಯೋದಲ್ಲಿ ಕೇಳಲು ಏನಿತ್ತು? ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಆರಂಭಿಸಿದ 'ಆಕಾಶವಾಣಿ'ಯ ಕಥೆಯನ್ನು ನೀವು ಕೇಳಿರಬಹುದು. ೧೯೫೫ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರವು ಪ್ರಾರಂಭವಾಯಿತು. ತುಮಕೂರು ಮತ್ತು ಕುಣಿಗಲ್ ಎರಡೂ ಬೆಂಗಳೂರಿನಿಂದ ಸುಮಾರು ೭೦ ಕಿಲೋಮೀಟರು ದೂರದಲ್ಲಿವೆ. ಮಧ್ಯಮ ತರಂಗಗಳು ಭೂಮಿಯ ಮೈಯನ್ನು ಅನುಸರಿಸಿ ಹರಡುವುದರಿಂದ, ದೇವರಾಯನದುರ್ಗದ ಬೆಟ್ಟಗಳ ಮರೆಯಲ್ಲಿ ಸಾಗುವ ಲಾರಿಗೂ ಬೆಂಗಳೂರಿನ ಧ್ವನಿ ತಲುಪುವುದು ಸಾಧ್ಯವಾಯಿತು.

ಪೆಟ್ಟಿಗೆಯೊಳಗೆ ಏನಿದೆ?

ಬಿಚ್ಚುವ ಮುನ್ನ ಒಳಗಿರುವುದನ್ನು ಅರಿತಿರಬೇಕು. ಆ ಕಾಲದ ರೇಡಿಯೋದಲ್ಲಿ ಟ್ರಾನ್ಸಿಸ್ಟರುಗಳಿಲ್ಲ, ಗಾಜಿನ ವಾಲ್ವುಗಳಿವೆ. ವಾಲ್ವಿನೊಳಗೆ ಕಾದ ತಂತುವಿನ ಬಳಿಯಿಂದ ಹೊರಡುವ ಎಲೆಕ್ಟ್ರಾನುಗಳನ್ನು ಎದುರಿನ ಲೋಹದ ತಗಡಿಗೆ ಸೆಳೆಯಬೇಕಾದರೆ ಆ ತಗಡಿಗೆ ಇನ್ನೂರು, ಇನ್ನೂರೈವತ್ತು ವೋಲ್ಟುಗಳಷ್ಟು ಧನ ವಿಭವವನ್ನು ಕೊಡಬೇಕು. ಗಾಡಿಯ ಬ್ಯಾಟರಿಯಲ್ಲಿರುವುದಾದರೋ ಕೇವಲ ೬ ವೋಲ್ಟು. ಈ ೬ ವೋಲ್ಟನ್ನು ೨೫೦ಕ್ಕೆ ಏರಿಸುವುದು ಹೇಗೆ?

ಟ್ರಾನ್ಸ್‌ಫಾರ್ಮರಿನಿಂದ ಎಂದು ನೀವು ಉತ್ತರಿಸಬಹುದು. ಆದರೆ ಟ್ರಾನ್ಸ್‌ಫಾರ್ಮರು ಏಕಮುಖ ಪ್ರವಾಹದಿಂದ ಕೆಲಸಮಾಡುವುದಿಲ್ಲ. ಕಾಂತಕ್ಷೇತ್ರವು ಬದಲಾಗುತ್ತಿದ್ದರೆ ಮಾತ್ರ ಎರಡನೆಯ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆಂಬುದು ಫ್ಯಾರಡೆ ಕಂಡುಹಿಡಿದ ನಿಯಮ. ಇದಕ್ಕಾಗಿ ಇಂಜಿನಿಯರುಗಳು 'ವೈಬ್ರೇಟರ್' ಎಂಬ ಚಿಕ್ಕ ಸಾಧನವನ್ನು ಬಳಸಿದರು. ಅದರಲ್ಲಿ ತೆಳ್ಳನೆಯ ಉಕ್ಕಿನ ಪಟ್ಟಿಯೊಂದು ವಿದ್ಯುತ್ ಗಂಟೆಯ ಸುತ್ತಿಗೆಯಂತೆ ಸೆಕೆಂಡಿಗೆ ಸುಮಾರು ೧೧೫ ಬಾರಿ ಅತ್ತಿಂದಿತ್ತ ಕಂಪಿಸುತ್ತದೆ. ಪ್ರತಿ ಕಂಪನದಲ್ಲಿಯೂ ಅದು ಟ್ರಾನ್ಸ್‌ಫಾರ್ಮರಿನ ಒಂದು ಅರ್ಧಕ್ಕೆ ಒಮ್ಮೆ, ಇನ್ನೊಂದು ಅರ್ಧಕ್ಕೆ ಒಮ್ಮೆ ಪ್ರವಾಹವನ್ನು ತಿರುಗಿಸುತ್ತದೆ. ಹಳೆಯ ವಾಹನದ ರೇಡಿಯೋವನ್ನು ತಿರುಗಿಸಿದೊಡನೆ ಜೀರುಂಡೆಯಂತಹ ಗುಂಯ್‌ಗುಡುವ ಸದ್ದು ಕೇಳಿಬರುತ್ತಿದ್ದುದು ಇದರಿಂದಲೇ. ಹೀಗೆ ಏರಿದ ಪರ್ಯಾಯ ಪ್ರವಾಹವನ್ನು ಇನ್ನೊಂದು ವಾಲ್ವು ಮತ್ತೆ ಏಕಮುಖವಾಗಿಸುತ್ತದೆ. ದೊಡ್ಡ ಕಂಡೆನ್ಸರುಗಳು ಅದರ ಏರಿಳಿತವನ್ನು ಸಮಗೊಳಿಸುತ್ತವೆ.

ಇಲ್ಲಿ ಎರಡು ಎಚ್ಚರಿಕೆಗಳು. ಮೊದಲನೆಯದು: ಬ್ಯಾಟರಿ ಆರು ವೋಲ್ಟಿನದಾದರೂ ಪೆಟ್ಟಿಗೆಯ ಒಳಗಿನ ವೋಲ್ಟೇಜು ಆರಲ್ಲ. ರೇಡಿಯೋ ನಡೆಯುತ್ತಿರುವಾಗ ಒಳಗೆ ಕೈಯಿಟ್ಟರೆ ಪ್ರಾಣಕ್ಕೆ ಅಪಾಯ. ಆರಿಸಿದ ಮೇಲೂ ಕಂಡೆನ್ಸರುಗಳು ಕೆಲಕಾಲ ವಿದ್ಯುತ್ತನ್ನು ಹಿಡಿದಿಡಬಲ್ಲವು. ಎರಡನೆಯದು: 'ಕೆಲಸ ಮಾಡುತ್ತದೆಯೋ ನೋಡೋಣ' ಎಂದು ಹತ್ತಾರು ವರ್ಷ ನಿಂತಿದ್ದ ರೇಡಿಯೋಗೆ ಬ್ಯಾಟರಿಯನ್ನು ಜೋಡಿಸಬಾರದು. ಕಾಗದದ ಹಳೆಯ ಕಂಡೆನ್ಸರುಗಳು ತೇವವನ್ನು ಹೀರಿ ಕೆಟ್ಟಿರುತ್ತವೆ. ಟ್ರಾನ್ಸ್‌ಫಾರ್ಮರಿಗೆ ಸೇರಿದ ಒಂದು ಚಿಕ್ಕ ಕಂಡೆನ್ಸರು ಹೀಗೆ ಕೆಟ್ಟಿದ್ದರೂ ಸಾಕು, ವೈಬ್ರೇಟರಿನ ಬಾಯಿಗಳು ಬೆಸೆದುಕೊಂಡು ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದು. ನಮ್ಮ ವಿದ್ಯಾರ್ಥಿಯು ಟ್ರ್ಯಾಕ್ಟರಿನ ೧೨ ವೋಲ್ಟಿನ ಬ್ಯಾಟರಿಯನ್ನು ತಂದು ಪರೀಕ್ಷಿಸುವ ಉತ್ಸಾಹದಲ್ಲಿದ್ದನು. ರೋಧವು ಬದಲಾಗದೆಂದು ಇಟ್ಟುಕೊಂಡರೆ, ವೋಲ್ಟೇಜು ಇಮ್ಮಡಿಯಾದಾಗ ತಂತುವಿನಲ್ಲಿ ವ್ಯಯವಾಗುವ ಸಾಮರ್ಥ್ಯವು ನಾಲ್ಕುಮಡಿಯಾಗುತ್ತದೆ. ತಂತು ಕಾದಂತೆಲ್ಲ ರೋಧವೂ ಹೆಚ್ಚುವುದರಿಂದ ನಿಜವಾದ ಏರಿಕೆ ಇದಕ್ಕಿಂತ ಕಡಮೆಯಿದ್ದರೂ ವಾಲ್ವುಗಳು ಉಳಿಯುವ ಭರವಸೆಯಿರುವುದಿಲ್ಲ.

ಮೊದಲು ಬ್ಯಾಟರಿ

ಎಲ್ಲಕ್ಕಿಂತ ಮುಂಚೆ ಬ್ಯಾಟರಿಯ ಸಂಬಂಧವನ್ನು ತಪ್ಪಿಸಬೇಕು. ಇದರಲ್ಲಿಯೂ ಒಂದು ಕ್ರಮವಿದೆ: ಗಾಡಿಯ ಚಾಸಿಗೆ ಸೇರಿರುವ, ಎಂದರೆ 'ಅರ್ತ್' ಆಗಿರುವ ತುದಿಯನ್ನು ಮೊದಲು ಬಿಚ್ಚಬೇಕು. ಸ್ಪ್ಯಾನರಿನಿಂದ ಆ ನಟ್ಟನ್ನು ತಿರುಗಿಸುವಾಗ ಅದು ಗಾಡಿಯ ಮೈಗೆ ತಗಲಿದರೂ ಏನೂ ಆಗದು. ಎರಡರ ವಿಭವವೂ ಒಂದೇ. ಇನ್ನೊಂದು ತುದಿಯನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರು ಮೈಗೆ ತಗಲಿದರೆ, ಇಡೀ ಬ್ಯಾಟರಿಯು ಸ್ಪ್ಯಾನರಿನ ಮೂಲಕ ಮುಚ್ಚಿದ ಮಂಡಲವಾಗುತ್ತದೆ. ಬ್ಯಾಟರಿಯ ಒಳರೋಧವೂ ತಗಲಿದ ಸ್ಥಳದ ರೋಧವೂ ಸೇರಿ ೦.೦೩ ಓಮ್ ಎಂದು ಭಾವಿಸಿದರೆ, ಓಮನ ನಿಯಮದಂತೆ ಪ್ರವಾಹವು ೬ ÷ ೦.೦೩ = ೨೦೦ ಆಂಪಿಯರ್! ಕಬ್ಬಿಣ ಕೆಂಪಗೆ ಕಾಯಲು ಹೆಚ್ಚು ಹೊತ್ತು ಬೇಡ.

ಇದು ಪುಸ್ತಕದ ಮಾತಲ್ಲ. ನಾನು ಕಾಲೇಜಿನಲ್ಲಿದ್ದಾಗ ಕುಣಿಗಲ್ಲಿನ ಬಂಧುಗಳ ಮನೆಯಲ್ಲಿ ಹಳೆಯ ಗಾಡಿಯೊಂದರ ಕೆಲಸಕ್ಕೆ ಕೈಹಾಕಿದ್ದೆ. ಕೈಗಡಿಯಾರವನ್ನು ತೆಗೆದಿಡುವಷ್ಟು ತಾಳ್ಮೆ ಇರಲಿಲ್ಲ. ಅದರ ಲೋಹದ ಪಟ್ಟಿಯು ಬ್ಯಾಟರಿಯ ತುದಿಗೂ ಪಕ್ಕದ ತಗಡಿಗೂ ನಡುವೆ ಒಂದು ಕ್ಷಣ ಸಿಕ್ಕಿಕೊಂಡಿತು. ಆ ಕ್ಷಣದ ಗುರುತು ನನ್ನ ಎಡ ಮಣಿಕಟ್ಟಿನ ಮೇಲೆ ಇಂದಿಗೂ ಉಳಿದಿದೆ. ಆರು ವೋಲ್ಟು ಮೈಯ ಮೂಲಕ ಹರಿದು ಕೊಲ್ಲದಿರಬಹುದು; ಲೋಹದ ಮೂಲಕ ಹರಿದು ಸುಡಬಲ್ಲದು. ಉಂಗುರ, ಬಳೆ, ಕೈಗಡಿಯಾರಗಳನ್ನು ತೆಗೆದಿಟ್ಟೇ ಕೆಲಸಕ್ಕೆ ಕೂರಬೇಕು.

ಅರ್ತ್ ಆಗಿರುವ ತುದಿ ಯಾವುದು? ಋಣ ತುದಿಯೇ ಎಂದು ಮುಂಚಿತವಾಗಿ ನಿರ್ಧರಿಸಬೇಡಿ. ಹಳೆಯ ಷೆವ್ರೊಲೆಗಳಲ್ಲಿ ಋಣ ತುದಿಯು ಚಾಸಿಗೆ ಸೇರಿದ್ದರೆ, ೬ ವೋಲ್ಟಿನ ಫೋರ್ಡ್ ಮತ್ತು ಡಾಜ್ ಗಾಡಿಗಳಲ್ಲಿ ಧನ ತುದಿಯು ಸೇರಿರುತ್ತಿತ್ತು. ದಪ್ಪ ತಂತಿಯು ಎಲ್ಲಿಗೆ ಹೋಗುತ್ತದೆಂಬುದನ್ನು ಕಣ್ಣಿನಿಂದ ಹಿಂಬಾಲಿಸಿ, ನೋಡಿದುದನ್ನು ಬರೆದಿಡಿ. ರೇಡಿಯೋವನ್ನು ಮರಳಿ ಜೋಡಿಸುವಾಗ ಈ ಟಿಪ್ಪಣಿ ಬಹಳ ಮುಖ್ಯ. ಟ್ರಾನ್ಸಿಸ್ಟರಿನ ರೇಡಿಯೋಗಳು ಹಾಗೂ ಕೆಲವು ಬಗೆಯ ವೈಬ್ರೇಟರುಗಳು ಧನ ಋಣಗಳ ಅದಲುಬದಲನ್ನು ಸಹಿಸುವುದಿಲ್ಲ.

ಬಿಚ್ಚುವ ಕ್ರಮ

೧. ಚಿತ್ರ ಮತ್ತು ಗುರುತು: ಡ್ಯಾಷ್‌ಬೋರ್ಡಿನ ಮುಂಭಾಗ, ಕೆಳಭಾಗ, ತಂತಿಗಳು ಸೇರುವ ಸ್ಥಳ ಇವುಗಳ ಚಿತ್ರವನ್ನು ಬರೆದುಕೊಳ್ಳಿ ಅಥವಾ ಫೋಟೋ ತೆಗೆಯಿರಿ. ಪ್ರತಿಯೊಂದು ತಂತಿಗೂ ಕಾಗದದ ಚೀಟಿಯನ್ನು ಕಟ್ಟಿ ಹೆಸರು ಬರೆಯಿರಿ. ಹಳೆಯ ತಂತಿಯ ಮೇಲಿನ ಬಟ್ಟೆಯ ಹೊದಿಕೆಯ ಬಣ್ಣ ಮಾಸಿರುವುದರಿಂದ ಬಣ್ಣವನ್ನು ಮಾತ್ರ ನಂಬಿ ಕೂರಬೇಡಿ.

೨. ಗುಬಟುಗಳು: ಎಡಗಡೆಯದು ಸಾಮಾನ್ಯವಾಗಿ ಧ್ವನಿಯನ್ನು ಹೆಚ್ಚುಕಡಮೆ ಮಾಡುವುದಕ್ಕೆ, ಬಲಗಡೆಯದು ಕೇಂದ್ರವನ್ನು ಆರಿಸುವುದಕ್ಕೆ. ಗುಬಟಿನ ಪಕ್ಕದಲ್ಲಿ ಚಿಕ್ಕ ತಿರುಪು ಇದ್ದರೆ ಅದನ್ನು ಸಡಿಲಿಸಿ. ಇಲ್ಲದಿದ್ದರೆ ನೇರವಾಗಿ ಎಳೆಯಿರಿ. ಬರದಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಬಾರದು. ಗುಬಟಿನ ಹಿಂದೆ ಬಟ್ಟೆಯ ದಾರವನ್ನು ಒಂದು ಸುತ್ತು ಹಾಕಿ, ಎರಡು ತುದಿಗಳನ್ನೂ ಸಮನಾಗಿ ಎಳೆದರೆ ಬಲವು ಎರಡೂ ಪಕ್ಕಗಳಲ್ಲಿ ಹಂಚಿಹೋಗಿ ಗುಬಟು ಒಡೆಯದೆ ಕಳಚಿಕೊಳ್ಳುತ್ತದೆ. ಹಳೆಯ ಪ್ಲಾಸ್ಟಿಕ್ಕು ಬಿಸಿಲಿನಲ್ಲಿ ಬೆಂದು ಬಿಸ್ಕತ್ತಿನಂತಾಗಿರುತ್ತದೆ ಎಂಬುದನ್ನು ಮರೆಯಬೇಡಿ.

೩. ಫ್ಯೂಸು ಮತ್ತು ವಿದ್ಯುತ್ ತಂತಿ: ರೇಡಿಯೋಗೆ ಹೋಗುವ ತಂತಿಯ ನಡುವೆ ಉದ್ದನೆಯ ಕೊಳವೆಯಂತಹ ಫ್ಯೂಸಿನ ಗೂಡಿರುತ್ತದೆ. ಅದನ್ನು ಒತ್ತಿ ತಿರುಗಿಸಿದರೆ ಎರಡಾಗುತ್ತದೆ. ಇಲ್ಲಿಯೇ ಬೇರ್ಪಡಿಸಬಹುದಾದುದರಿಂದ ತಂತಿಯನ್ನು ಕತ್ತರಿಸುವ ಪ್ರಸಂಗವೇ ಇಲ್ಲ. ಫ್ಯೂಸಿನ ಮೇಲೆ ಬರೆದಿರುವ ಅಂಕಿಯನ್ನು ಗುರುತು ಹಾಕಿಕೊಳ್ಳಿ.

೪. ಏರಿಯಲ್ಲು: ರೇಡಿಯೋದ ಪಕ್ಕದಿಂದ ಬರುವ ದಪ್ಪ ತಂತಿಯ ತುದಿಯಲ್ಲಿ ಲೋಹದ ಪ್ಲಗ್ಗಿರುತ್ತದೆ. ಪ್ಲಗ್ಗನ್ನೇ ಹಿಡಿದು ಎಳೆಯಿರಿ; ತಂತಿಯನ್ನು ಹಿಡಿದು ಎಳೆದರೆ ಒಳಗಿನ ಬೆಸುಗೆ ಕಳಚುತ್ತದೆ.

೫. ಧ್ವನಿವರ್ಧಕ: ಕೆಲವು ಮಾದರಿಗಳಲ್ಲಿ ಇದು ಪೆಟ್ಟಿಗೆಯಲ್ಲಿಯೇ ಇರುತ್ತದೆ, ಕೆಲವದರಲ್ಲಿ ಬೇರೆಯಾಗಿರುತ್ತದೆ. ಬೇರೆಯಾಗಿದ್ದರೆ ಅದರ ತಂತಿಗಳನ್ನೂ ಕಳಚಿ, ರೇಡಿಯೋದ ಜೊತೆಯಲ್ಲಿಯೇ ತೆಗೆದಿಡಿ. ಧ್ವನಿವರ್ಧಕವಿಲ್ಲದೆ ರೇಡಿಯೋವನ್ನು ನಡೆಸಿದರೆ ಕೊನೆಯ ಹಂತದ ಭಾಗಗಳು ಕೆಡಬಹುದು.

೬. ಹಿಂದಿನ ಆಸರೆ: ಪೆಟ್ಟಿಗೆಯ ಹಿಂಭಾಗವನ್ನು ಒಂದು ಲೋಹದ ಪಟ್ಟಿಯು ಗಾಡಿಯ ಮೈಗೆ ಬಿಗಿದಿರುತ್ತದೆ. ಅದು ಭಾರವನ್ನು ಹೊರುವುದಲ್ಲದೆ ಪೆಟ್ಟಿಗೆಯನ್ನು ಚಾಸಿಗೆ ವಿದ್ಯುತ್ತಿನ ದೃಷ್ಟಿಯಿಂದಲೂ ಸೇರಿಸುತ್ತದೆ. ಅದನ್ನು ಬಿಚ್ಚುವಾಗ ಇನ್ನೊಬ್ಬರು ಕೆಳಗಿನಿಂದ ಪೆಟ್ಟಿಗೆಗೆ ಕೈಕೊಟ್ಟಿರಬೇಕು. ನಟ್ಟು ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ಎಣ್ಣೆಯನ್ನು ಬಿಡಿ. ಎಣ್ಣೆಯು ಮರೆಯ ಸುರುಳಿಗಳೊಳಗೆ ಇಳಿಯಲು ಸಮಯ ಬೇಕು. ಆತುರಪಟ್ಟು ಬಲ ಪ್ರಯೋಗಿಸಿದರೆ ಬೋಲ್ಟು ಮುರಿಯುತ್ತದೆ.

೭. ಮುಂಭಾಗದ ನಟ್ಟುಗಳು: ಗುಬಟುಗಳು ಕುಳಿತಿದ್ದ ದಂಡಗಳ ಸುತ್ತ ಎರಡು ಅಗಲವಾದ ನಟ್ಟುಗಳಿರುತ್ತವೆ. ಪೆಟ್ಟಿಗೆಯು ಡ್ಯಾಷ್‌ಬೋರ್ಡಿಗೆ ಅಂಟಿಕೊಂಡಿರುವುದು ಇವುಗಳಿಂದ. ಇವನ್ನು ಎಲ್ಲಕ್ಕಿಂತ ಕೊನೆಗೆ ಬಿಚ್ಚಿ. ಅನಂತರ ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿ, ದಂಡಗಳು ರಂಧ್ರಗಳಿಂದ ಪೂರ್ತಿ ಈಚೆಗೆ ಬಂದ ಮೇಲೆ, ಮೆಲ್ಲನೆ ಕೆಳಕ್ಕೆ ಇಳಿಸಿ. ನಟ್ಟುಗಳನ್ನೂ ವಾಷರುಗಳನ್ನೂ ಬಂದ ದಂಡಗಳ ಮೇಲೆಯೇ ಮರಳಿ ಹಾಕಿಡುವುದು ಕಳೆದುಹೋಗದಿರಲು ಒಳ್ಳೆಯ ಉಪಾಯ.

ನಮಗೆ ಇಷ್ಟು ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಇಕ್ಕಳದಿಂದ ಕತ್ತರಿಸಿದ್ದರೆ ಹತ್ತು ನಿಮಿಷ ಸಾಕಾಗುತ್ತಿತ್ತು. ಆದರೆ ಆ ಹತ್ತು ನಿಮಿಷದ ಕೆಲಸವನ್ನು ಸರಿಪಡಿಸಲು ಎಷ್ಟು ದಿನ ಬೇಕಾಗುತ್ತಿತ್ತೋ!

ಏರಿಯಲ್ಲಿನ ಗುಟ್ಟು

ಏರಿಯಲ್ಲಿನ ತಂತಿಯು ಹಳೆಯದಾಗಿದೆಯೆಂದು ಬಿಸುಟು ಮನಬಂದಷ್ಟು ಉದ್ದದ ಹೊಸ ತಂತಿಯನ್ನು ಹಾಕುವುದು ಸಾಮಾನ್ಯವಾದ ತಪ್ಪು. ಇದೇಕೆ ತಪ್ಪೆಂಬುದನ್ನು ನೋಡೋಣ.

ಗಾಡಿಯ ಮುಂಭಾಗವು ಲೋಹದ ಪಂಜರ. ಲೋಹದ ಪಂಜರದೊಳಕ್ಕೆ ರೇಡಿಯೋ ಅಲೆಗಳು ಸುಲಭವಾಗಿ ನುಗ್ಗಲಾರವು. ಆದುದರಿಂದ ಏರಿಯಲ್ಲಿನ ಕಡ್ಡಿಯನ್ನು ಹೊರಗೆ ನಿಲ್ಲಿಸುತ್ತಾರೆ. ಬೆಂಗಳೂರು ಕೇಂದ್ರವು ದೀರ್ಘಕಾಲ ಬಳಸಿದ ಆವರ್ತಾಂಕ ೬೧೨ ಕಿಲೋಹರ್ಟ್ಸ್. ಅದರ ತರಂಗಾಂತರ ಸುಮಾರು ೪೯೦ ಮೀಟರು. ಏರಿಯಲ್ಲು ಚೆನ್ನಾಗಿ ಮಿಡಿಯಬೇಕಾದರೆ ತರಂಗಾಂತರದ ಕಾಲುಭಾಗದಷ್ಟು, ಎಂದರೆ ೧೨೨ ಮೀಟರಿಗೂ ಮಿಕ್ಕಿದ ಎತ್ತರ ಬೇಕು! ಗಾಡಿಯ ಮೇಲಿರುವ ಕಡ್ಡಿಯ ಎತ್ತರವೋ ಒಂದೆರಡು ಮೀಟರು. ಇಷ್ಟು ಗಿಡ್ಡವಾದ ಕಡ್ಡಿಯು ವಿದ್ಯುನ್ಮಂಡಲದಲ್ಲಿ ಒಂದು ಪುಟ್ಟ ಕಂಡೆನ್ಸರಿನಂತೆ ವರ್ತಿಸುತ್ತದೆ. ಅದರಿಂದ ಬರುವ ತಂತಿಯೂ ಒಂದು ಕಂಡೆನ್ಸರೇ. ನಡುವಿನ ಎಳೆ ಒಂದು ತಗಡಾದರೆ ಸುತ್ತಲಿನ ಹೆಣಿಗೆ ಇನ್ನೊಂದು. ರೇಡಿಯೋದ ಮೊದಲ ಸುರುಳಿಯು ಇವೆರಡರ ಒಟ್ಟು ಧಾರಕತೆಯೊಡನೆ ಸೇರಿಯೇ ಶ್ರುತಿಗೊಳ್ಳುತ್ತದೆ. ತಂತಿಯ ಉದ್ದ ಬದಲಾದರೆ ಧಾರಕತೆ ಬದಲಾಗುತ್ತದೆ. ಆಗ ಶ್ರುತಿ ಕೆಡುತ್ತದೆ.

ಇದನ್ನು ಸರಿಪಡಿಸಲು ಏರಿಯಲ್ಲಿನ ಪ್ಲಗ್ಗಿನ ಬಳಿ ಒಂದು ಚಿಕ್ಕ ತಿರುಪನ್ನು ಇಟ್ಟಿರುತ್ತಾರೆ. ರೇಡಿಯೋವನ್ನು ಮರಳಿ ಜೋಡಿಸಿದ ಮೇಲೆ ೧೪೦೦ ಕಿಲೋಹರ್ಟ್ಸಿನ ಸುತ್ತಮುತ್ತ ಒಂದು ಕ್ಷೀಣವಾದ ಕೇಂದ್ರವನ್ನು ಹಿಡಿದು, ಧ್ವನಿಯು ಅತ್ಯಂತ ಹೆಚ್ಚುವವರೆಗೆ ಈ ತಿರುಪನ್ನು ಮೆಲ್ಲನೆ ತಿರುಗಿಸಬೇಕು. ತಂಬೂರಿಯನ್ನು ಬೇರೊಂದು ಊರಿಗೆ ಒಯ್ದ ಮೇಲೆ ಮಣಿಗಳನ್ನು ಸರಿಸಿ ಶ್ರುತಿಮಾಡುವುದಿಲ್ಲವೆ? ಇದೂ ಹಾಗೆಯೇ.

ಇನ್ನೊಂದು ಸ್ವಾರಸ್ಯ. ಅಮೆರಿಕದ ಈ ರೇಡಿಯೋದ ಗಾಜಿನ ಮೇಲೆ ೫೫ರಿಂದ ೧೬೦ರವರೆಗೆ ಅಂಕಿಗಳಿವೆ. ಪ್ರತಿಯೊಂದರ ಮುಂದೆಯೂ ಒಂದು ಸೊನ್ನೆಯನ್ನು ಸೇರಿಸಿಕೊಂಡರೆ ಕಿಲೋಹರ್ಟ್ಸ್. ಅಮೆರಿಕದಲ್ಲಿ ಕೇಂದ್ರಗಳ ನಡುವಣ ಅಂತರ ೧೦ ಕಿಲೋಹರ್ಟ್ಸ್. ನಮ್ಮಲ್ಲಿ ೧೯೭೮ರ ನವೆಂಬರಿನಿಂದ ೯. ಆದರೆ ಮುಳ್ಳು ನಿರಂತರವಾಗಿ ಸರಿಯುವ ಹಳೆಯ ರೇಡಿಯೋಗೆ ಈ ವ್ಯತ್ಯಾಸದಿಂದ ಯಾವ ಬಾಧಕವೂ ಇಲ್ಲ. ೬೦ನ್ನು ದಾಟಿ ಕೂದಲೆಳೆಯಷ್ಟು ಸರಿದರೆ ಬೆಂಗಳೂರಿನ ಸ್ಥಾನ. ಅಮೆರಿಕದ ೧೦ರ ಲೆಕ್ಕಕ್ಕೆ ಕಟ್ಟುಬಿದ್ದು ಮೆಟ್ಟಿಲುಮೆಟ್ಟಿಲಾಗಿ ಏರುವ ಅಂಕೀಯ ರೇಡಿಯೋವಾದರೆ ೬೧೦ ಅಥವಾ ೬೨೦ರಲ್ಲಿ ನಿಲ್ಲುತ್ತದೆಯೇ ವಿನಾ ೬೧೨ರಲ್ಲಿ ನಿಲ್ಲದು.

ಬಿಚ್ಚಿದ ಮೇಲೆ

ಹೊರಬಂದ ಪೆಟ್ಟಿಗೆಯ ಮುಚ್ಚಳವನ್ನು ತೆಗೆಯುವ ಆಸೆ ಸಹಜ. ಅನುಭವವಿಲ್ಲದವರು ಮೇಲಿನ ಧೂಳನ್ನು ಮೃದುವಾದ ಕುಂಚದಿಂದ ಒರಸಿ ಅಲ್ಲಿಗೇ ನಿಲ್ಲಿಸುವುದು ಮೇಲು. ಗಾಜಿನ ಮೇಲಿನ ಅಂಕಿಗಳನ್ನು ಒದ್ದೆ ಬಟ್ಟೆಯಿಂದ ಉಜ್ಜಬಾರದು. ಕೆಲವು ಸಲ ಬಣ್ಣವೇ ಬಟ್ಟೆಗೆ ಬಂದುಬಿಡುತ್ತದೆ. ಡ್ಯಾಷ್‌ಬೋರ್ಡಿನ ಹಿಂದೆ ಹಳೆಯ ಶಾಖನಿರೋಧಕ ಹೊದಿಕೆಯಿದ್ದರೆ ಅದನ್ನು ಕೆರೆಯಬೇಡಿ. ಆ ಕಾಲದ ಹೊದಿಕೆಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರು ಇರಬಹುದು. ಗಾಡಿಯಲ್ಲಿ ಉಳಿದ ತಂತಿಯ ತುದಿಗೆ ನಿರೋಧಕ ಪಟ್ಟಿಯನ್ನು ಸುತ್ತಿ ಕಟ್ಟಿದ ಮೇಲೆಯೇ ಬ್ಯಾಟರಿಯನ್ನು ಮರಳಿ ಸೇರಿಸಬೇಕು. ಸೇರಿಸುವಾಗ ಕ್ರಮವು ತಿರುಗುಮುರುಗು: ಅರ್ತ್ ತುದಿ ಕೊನೆಗೆ.

ನಾವು ರೇಡಿಯೋವನ್ನು ತುಮಕೂರಿನ ಅನುಭವಿ ರಿಪೇರಿಗಾರರೊಬ್ಬರಿಗೆ ಒಪ್ಪಿಸಿದೆವು. ಅವರು ಕಾಗದದ ಕಂಡೆನ್ಸರುಗಳನ್ನೆಲ್ಲ ಬದಲಾಯಿಸಿದರು. ವೈಬ್ರೇಟರಿನ ಕಪ್ಪಗಾಗಿದ್ದ ಬಾಯಿಗಳನ್ನು ನಯವಾಗಿ ಉಜ್ಜಿದರು. ವಾಲ್ವುಗಳಲ್ಲಿ ಒಂದು ಮಾತ್ರ ಸತ್ತಿತ್ತು. ಮೂರು ತಿಂಗಳ ತರುವಾಯ ಪೆಟ್ಟಿಗೆಯು ಗುಬ್ಬಿಯ ತೋಟಕ್ಕೆ ಮರಳಿ, ಅವೇ ಎರಡು ರಂಧ್ರಗಳಲ್ಲಿ, ಅವೇ ನಟ್ಟುಗಳಿಂದ ಕುಳಿತಿತು. ವಿದ್ಯಾರ್ಥಿಯು ಗುಬಟನ್ನು ತಿರುಗಿಸಿದನು. ವೈಬ್ರೇಟರು ಗುಂಯ್‌ಗುಟ್ಟಿತು. ವಾಲ್ವುಗಳು ಕಾಯಲು ಅರ್ಧ ನಿಮಿಷ ಹಿಡಿಯಿತು. ಆ ಅರ್ಧ ನಿಮಿಷ ಯಾರೂ ಮಾತನಾಡಲಿಲ್ಲ. ಬಳಿಕ ಬೆಂಗಳೂರಿನ ಧ್ವನಿ ಕೇಳಿಸಿತು. ಅಜ್ಜನು ಏನೂ ಹೇಳದೆ ಚಾಲಕನ ಪೀಠಕ್ಕೆ ಹತ್ತಿ ಕುಳಿತು, ಮುಳ್ಳನ್ನು ತಾನೇ ಒಂದಿಷ್ಟು ಸರಿಪಡಿಸಿದನು.

ಅಭ್ಯಾಸಕ್ಕೆ ಕೆಲವು ಪ್ರಶ್ನೆಗಳು

೧. ೬ ವೋಲ್ಟಿನ ರೇಡಿಯೋವೊಂದು ೭ ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಅದು ಬಳಸುವ ಸಾಮರ್ಥ್ಯ ಎಷ್ಟು ವಾಟು? ಅಷ್ಟೇ ಸಾಮರ್ಥ್ಯದ ರೇಡಿಯೋ ೧೨ ವೋಲ್ಟಿನದಾಗಿದ್ದರೆ ಪ್ರವಾಹವೆಷ್ಟು? ಅದಕ್ಕೆ ಮೊದಲಿನ ಫ್ಯೂಸನ್ನೇ ಹಾಕಬಹುದೆ?

೨. ೨೦ ಮೈಕ್ರೋಫ್ಯಾರಡ್ ಕಂಡೆನ್ಸರೊಂದು ೨೫೦ ವೋಲ್ಟಿಗೆ ತುಂಬಿದೆ. ಅದರಲ್ಲಿ ಅಡಗಿರುವ ಶಕ್ತಿ ಎಷ್ಟು ಜೌಲು?

೩. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗುಗಳಿಲ್ಲ. ಹಾಗಿದ್ದರೂ ಹಳೆಯ ಡೀಸೆಲ್ ಲಾರಿಯ ರೇಡಿಯೋದಲ್ಲಿ ಇಂಜಿನ್ನಿನ ವೇಗಕ್ಕೆ ತಕ್ಕಂತೆ ಏರುವ ಕರಕರ ಸದ್ದು ಕೇಳಬಹುದು. ಅದು ಎಲ್ಲಿಂದ ಬರುತ್ತದೆ? ಡೈನಮೋದ ಕುಂಚಗಳನ್ನು ನೆನೆದು ಉತ್ತರಿಸಿ.

(ಉತ್ತರಗಳು: ೧. ೪೨ ವಾಟು, ೩.೫ ಆಂಪಿಯರ್, ಹಾಕಬಾರದು, ಕಡಮೆ ಪ್ರವಾಹದ ಫ್ಯೂಸು ಬೇಕು. ೨. ೦.೬೨೫ ಜೌಲು. ೩. ಡೈನಮೋದ ತಿರುಗುವ ಭಾಗಕ್ಕೂ ಕುಂಚಗಳಿಗೂ ನಡುವೆ ಹಾರುವ ಸಣ್ಣ ಕಿಡಿಗಳಿಂದ.)